ಮಗನ ಬೇಸಿಗೆ ಕ್ಯಾಂಪ್ ಯೂನಿವರ್ಸಿಟಿಯಲ್ಲಿ. ಪೆನ್ ಸ್ಟೇಟ್ ಪ್ರಕರಣ ಆದ ಮೇಲೆ ಏನಾದರೂ ಬದಲಾಗಿದೆಯಾ?

ರಾಗಿರೊಟ್ಟಿ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಪಿಟ್ಸ್‌ಬರ್ಗ್ ಹತ್ತಿರ, ಬಂದು ಆರು ವರ್ಷವಾಯಿತು. ಮಗನಿಗೆ 12, ಈಜಿನ ಹುಚ್ಚು. ಜುಲೈನಲ್ಲಿ ಒಂದು ಯೂನಿವರ್ಸಿಟಿಯಲ್ಲಿ ಐದು ದಿನದ ಈಜು ಕ್ಯಾಂಪ್ ಇದೆ. ರಾತ್ರಿ ಅಲ್ಲೇ ಡಾರ್ಮ್‌ನಲ್ಲಿ ಮಲಗಬೇಕು, ಕಾಲೇಜು ಟೀಮಿನ ಕೋಚ್‌ಗಳೇ ಹೇಳಿಕೊಡುತ್ತಾರಂತೆ. ಅವನು ಆಗಲೇ ಬ್ಯಾಗ್ ಯಾವುದು ಅಂತ ಕೇಳಲು ಶುರು ಮಾಡಿದ್ದಾನೆ.

ಫಾರ್ಮ್ 14 ಪುಟ ಇದೆ. ಪೆಟ್ಟಾದರೆ ನಾವು ಹೊಣೆಯಲ್ಲ, ಗಾಗಲ್ಸ್ ಕಳೆದರೆ ನಾವು ಹೊಣೆಯಲ್ಲ, ಕಡಲೆಕಾಯಿ ಅಲರ್ಜಿ ಇದ್ದರೆ ಮೊದಲೇ ತಿಳಿಸಿ, ಎಲ್ಲಾ ಇದೆ. ರಾತ್ರಿ ಮಕ್ಕಳ ಜೊತೆ ಯಾರಿರುತ್ತಾರೆ ಅನ್ನುವುದಕ್ಕೆ ಒಂದೇ ಒಂದು ಸಾಲು, ಅದೂ 'ಸಿಬ್ಬಂದಿಯ ಮೇಲ್ವಿಚಾರಣೆಯಲ್ಲಿ' ಅಂತ. ಪಕ್ಕದ ಮನೆಯಲ್ಲಿ ಅರವತ್ತು ದಾಟಿದ ಒಬ್ಬ ಅಮೆರಿಕನ್ ಹೆಂಗಸು ಇದ್ದಾರೆ. ಅವರಿಗೆ ಖುಷಿಯಿಂದ ಹೇಳಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಶವರ್ ರೂಮಿನಲ್ಲಿ ದೊಡ್ಡವರು ಯಾರಿರುತ್ತಾರೆ?" ನನಗೆ ಅರ್ಥವಾಗಲಿಲ್ಲ. ಆಮೇಲೆ ಪೆನ್ ಸ್ಟೇಟ್ ವಿಷಯ ಹೇಳಿದರು, ಆ ಯೂನಿವರ್ಸಿಟಿಯ ಫುಟ್ಬಾಲ್ ಕೋಚ್ ಒಬ್ಬ ವರ್ಷಗಟ್ಟಲೆ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದು. ನಾವು ಬರುವ ಹೊತ್ತಿಗೆ ಅದು ಹಳೇ ಸುದ್ದಿ, ಹೆಸರು ಮಾತ್ರ ಕೇಳಿದ್ದೆ. ಆ ರಾತ್ರಿ ಎರಡು ಗಂಟೆವರೆಗೂ ಓದಿದೆ. ನಿದ್ದೆ ಬರಲಿಲ್ಲ.

ಎರಡು ಪ್ರಶ್ನೆ. ಅಷ್ಟೊಂದು ಜನಕ್ಕೆ ಗೊತ್ತಿದ್ದೂ ಅದು ಅಷ್ಟು ವರ್ಷ ಹೇಗೆ ನಡೆಯಿತು? ಎರಡನೆಯದು, ಇದನ್ನೆಲ್ಲ ಕ್ಯಾಂಪಿನವರಿಗೆ ಫೋನ್ ಮಾಡಿ ಕೇಳಿದರೆ ತಪ್ಪು ತಿಳಿಯುತ್ತಾರಾ? ನಮ್ಮ ಯಜಮಾನರು "ಅಷ್ಟು ದೊಡ್ಡ ಯೂನಿವರ್ಸಿಟಿ, ಅವರಿಗೆ ಗೊತ್ತಿರಲ್ವಾ" ಅನ್ನುತ್ತಾರೆ. ಓದಿದ ಮೇಲೆ ನನಗೆ ಹೆದರಿಕೆ ಆಗಿರುವುದೇ ಆ ಮಾತಿಗೆ.

ಹಳೇ_ಸ್ಟೇಟ್‌ಕಾಲೇಜ್:

ನಾನು 2011ರಲ್ಲಿ ಅಲ್ಲೇ ಪಿಎಚ್‌ಡಿ ಮಾಡುತ್ತಿದ್ದೆ. ಊರಿನ ಹೆಸರೇ ಸ್ಟೇಟ್ ಕಾಲೇಜ್. ಊರು ಚಿಕ್ಕದು, ಸ್ಟೇಡಿಯಂನಲ್ಲಿ ಮಾತ್ರ ಲಕ್ಷಕ್ಕೂ ಮೀರಿ ಜನ ಕೂರಬಹುದು. ಮ್ಯಾಚ್ ಇದ್ದ ಶನಿವಾರ ತರಕಾರಿ ತರಲು ಕೂಡ ಹೊರಗೆ ಹೋಗುವ ಹಾಗಿಲ್ಲ. ಫುಟ್ಬಾಲ್ ಕೋಚ್ ಜೋ ಪಟರ್ನೋ ಅಂದರೆ ಅಲ್ಲಿ ಕೋಚ್ ಅಲ್ಲ, ಊರದೇವರು. ಲೈಬ್ರರಿಗೆ ಅವರ ಹೆಸರು, ಕ್ಯಾಂಪಸ್ ಐಸ್‌ಕ್ರೀಂ ಅಂಗಡಿಯಲ್ಲಿ 'ಪೀಚಿ ಪಟರ್ನೋ' ಅಂತ ಒಂದು ಐಸ್‌ಕ್ರೀಂ, ನಾನೂ ತಿಂದಿದ್ದೇನೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಈ ಐಸ್‌ಕ್ರೀಂನಲ್ಲೇ ಇದೆ.

ಜೆರ್ರಿ ಸ್ಯಾಂಡಸ್ಕಿ ಆ ಪಟರ್ನೋ ಕೈಕೆಳಗೆ ವರ್ಷಗಟ್ಟಲೆ ಇದ್ದ ಸಹಾಯಕ ಕೋಚ್. 1977ರಲ್ಲಿ ಬಡ, ಕಷ್ಟದ ಮನೆಯ ಮಕ್ಕಳಿಗೆ ಅಂತ 'ಸೆಕೆಂಡ್ ಮೈಲ್' ಅನ್ನುವ ಸಂಸ್ಥೆ ಕಟ್ಟಿದ. ಮಕ್ಕಳನ್ನು ಮ್ಯಾಚಿಗೆ ಕರೆದುಕೊಂಡು ಬರುವುದು, ಆಟಗಾರರ ಜಿಮ್ ತೋರಿಸುವುದು, ಉಡುಗೊರೆ ಕೊಡುವುದು. ಅಪ್ಪ ಇಲ್ಲದ ಹುಡುಗನಿಗೆ ಇದು ಸ್ವರ್ಗ ಅಲ್ವಾ.

1998ರಲ್ಲಿ 11 ವರ್ಷದ ಒಬ್ಬ ಹುಡುಗ ಮನೆಗೆ ಬಂದಾಗ ತಲೆಗೂದಲು ಒದ್ದೆಯಾಗಿತ್ತು. ತಾಯಿ "ಯಾಕೋ ಒದ್ದೆ?" ಅಂತ ಕೇಳಿದಳು. ಅಷ್ಟೇ. ಇಡೀ ಕಥೆಯಲ್ಲಿ ಸರಿಯಾಗಿ ನಡೆದುಕೊಂಡವರನ್ನು ಹುಡುಕಿದರೆ ನನಗೆ ಮೊದಲು ಕಾಣುವುದು ಆ ತಾಯಿ. ಹುಡುಗ, ಕೋಚ್ ಜೊತೆ ಸ್ನಾನ ಮಾಡಿದೆ ಅಂದ. ತಾಯಿ ಯೂನಿವರ್ಸಿಟಿ ಪೊಲೀಸರಿಗೆ ದೂರು ಕೊಟ್ಟಳು, ತನಿಖೆಯೂ ಆಯಿತು. ಅಲ್ಲಿನ ಪ್ರಾಸಿಕ್ಯೂಟರ್ ಕೇಸು ಹಾಕಲಿಲ್ಲ. ಆಗ ವೈಸ್ ಪ್ರೆಸಿಡೆಂಟ್ ಆಗಿದ್ದ ಗ್ಯಾರಿ ಶುಲ್ಟ್ಸ್ ಕೈಬರಹದ ಟಿಪ್ಪಣಿಯಲ್ಲಿ 'ಬೇರೆ ಮಕ್ಕಳೂ ಇದ್ದಾರಾ?' ಅಂತ ಬರೆದುಕೊಂಡಿದ್ದರು. ಪ್ರಶ್ನೆ ಸರಿಯಾಗಿಯೇ ಬಂದಿತ್ತು. ಕಾಗದದ ಮೇಲೇ ಉಳಿಯಿತು.

1999ರಲ್ಲಿ ಸ್ಯಾಂಡಸ್ಕಿ ನಿವೃತ್ತನಾದ. ನಿವೃತ್ತಿ ಅಂದರೆ ಬೀಗದ ಕೈ ವಾಪಸ್ ಕೊಟ್ಟು ಮನೆಗೆ ಹೋಗುವುದು ಅಂತ ನಾವು ತಿಳಿದುಕೊಂಡಿದ್ದೇವೆ. ಇಲ್ಲಿ ಎಮೆರಿಟಸ್ ಅನ್ನುವ ಗೌರವದ ಪಟ್ಟ ಕೊಟ್ಟರು, 1,68,000 ಡಾಲರ್ ಕೊಟ್ಟರು, ಲಾಕರ್ ಮತ್ತು ಜಿಮ್ ಸೌಲಭ್ಯ ಜೀವನಪರ್ಯಂತ. 2000ದಲ್ಲಿ ಅಲ್ಲಿನ ಒಬ್ಬ ಕಸಗುಡಿಸುವ ನೌಕರ ಕಣ್ಣಾರೆ ಕಂಡದ್ದನ್ನು ಜೊತೆಯವರಿಗೆ ಹೇಳಿ ನಡುಗಿಬಿಟ್ಟ. ದೂರು ಕೊಡಲಿಲ್ಲ, ಕೊಟ್ಟರೆ ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ. ಊರದೇವರ ಗರ್ಭಗುಡಿಯಲ್ಲಿ ಕೊಳಕಿದೆ ಅಂತ ಪೊರಕೆ ಹಿಡಿದವನು ಹೇಳಿದರೆ ಯಾರು ಕೇಳುತ್ತಾರೆ?

2001ರ ಫೆಬ್ರವರಿ 9, ಶುಕ್ರವಾರ ರಾತ್ರಿ. ಮೈಕ್ ಮೆಕ್ವೀರಿ ಅನ್ನುವ ಯುವ ಸಹಾಯಕ ಹೊಸ ಶೂಗಳನ್ನು ಲಾಕರಿನಲ್ಲಿಡಲು ಹೋದಾಗ ಶವರ್‌ನಲ್ಲಿ ಸ್ಯಾಂಡಸ್ಕಿ ಮತ್ತು ಒಬ್ಬ ಹುಡುಗನನ್ನು ನೋಡಿದ. ಮೊದಲು ಅಪ್ಪನಿಗೆ ಹೇಳಿದ, ಮಾರನೇ ದಿನ ಪಟರ್ನೋ ಮನೆಗೆ ಹೋಗಿ ಹೇಳಿದ. ಪಟರ್ನೋ ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ಹೇಳಿದರು. ಕರ್ಲಿ, ಶುಲ್ಟ್ಸ್, ಪ್ರೆಸಿಡೆಂಟ್ ಗ್ರಹಾಂ ಸ್ಪ್ಯಾನಿಯರ್ ಸೇರಿ ಮಾತಾಡಿದರು. ಮಕ್ಕಳ ಇಲಾಖೆಗೆ ತಿಳಿಸೋಣ ಅಂತ ಒಂದು ಹಂತದಲ್ಲಿ ಯೋಚನೆ ಇತ್ತು. ಆಮೇಲೆ ಕರ್ಲಿ, 'ಜೋ ಜೊತೆ ಮಾತಾಡಿದ ಮೇಲೆ ಅದು ನನಗೆ ಸರಿ ಅನ್ನಿಸುತ್ತಿಲ್ಲ' ಅನ್ನುವ ಅರ್ಥದ ಈಮೇಲ್ ಹಾಕಿದರು. ಕೊನೆಗೆ ಸ್ಯಾಂಡಸ್ಕಿಗೆ, ಇನ್ನು ಮುಂದೆ ಮಕ್ಕಳನ್ನು ಇಲ್ಲಿಗೆ ಕರೆತರಬೇಡ ಅಂದರು. ಅಂದರೆ, ಬೇರೆ ಎಲ್ಲಾದರೂ ಹೋಗು ಅಂತ! ಶವರ್‌ನಲ್ಲಿದ್ದ ಆ ಹುಡುಗ ಯಾರು, ಎಲ್ಲಿದ್ದಾನೆ, ಹೇಗಿದ್ದಾನೆ ಅಂತ ಆ ನಾಲ್ಕು ಜನರಲ್ಲಿ ಒಬ್ಬರೂ ಹುಡುಕಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇದಕ್ಕೆ.

ಕೊನೆಗೆ ಬಯಲಿಗೆ ಬಂದದ್ದು ಯೂನಿವರ್ಸಿಟಿಯಿಂದಲ್ಲ. 2008ರಲ್ಲಿ ಬೇರೆ ಊರಿನ ಒಬ್ಬ ಹೈಸ್ಕೂಲ್ ಹುಡುಗ ಮತ್ತು ಅವನ ತಾಯಿ ಬಾಯಿಬಿಟ್ಟ ಮೇಲೆ. 2011ರ ನವೆಂಬರ್‌ನಲ್ಲಿ ಬಂಧನ, 2012ರ ಜೂನ್‌ನಲ್ಲಿ 48 ಆರೋಪಗಳಲ್ಲಿ 45 ಸಾಬೀತು, 30ರಿಂದ 60 ವರ್ಷ ಜೈಲು. ತಾನು ನಿರಪರಾಧಿ ಅಂತ ಅವನು ಈಗಲೂ ಹೇಳುತ್ತಾನೆ.

2011ರ ನವೆಂಬರ್ 9ರ ರಾತ್ರಿ ಪಟರ್ನೋ ಅವರನ್ನು ತೆಗೆದುಹಾಕಿದಾಗ ವಿದ್ಯಾರ್ಥಿಗಳು ಸಾವಿರಗಟ್ಟಲೆ ಬೀದಿಗೆ ಬಂದರು, ಟಿವಿಯವರ ವ್ಯಾನ್ ಉರುಳಿಸಿದರು. ನಾನು ರೂಮಿನ ಕಿಟಕಿಯಿಂದ ಆ ಗಲಾಟೆ ಕೇಳಿಸಿಕೊಳ್ಳುತ್ತಾ ಕೂತಿದ್ದೆ. ಕೋಚ್ ಹೆಸರು ಹಿಡಿದು ಕೂಗುತ್ತಿದ್ದರು. ಎರಡು ದಿನದ ಮೇಲೆ ಅದೇ ಹುಡುಗರು ಮಕ್ಕಳಿಗಾಗಿ ಮೋಂಬತ್ತಿ ಹಿಡಿದು ನಿಂತಿದ್ದರು ಅನ್ನುವುದನ್ನೂ ಹೇಳಬೇಕು.

ಕವರ್‌ಡ್ರೈವ್:

ಸರ್, ಎಲ್ಲಾ ಒಪ್ಪಿದೆ. ಆದರೆ ಪಟರ್ನೋ ಮಾಡಿದ ತಪ್ಪೇನು? ಅವರಿಗೆ ಹೇಳಿದರು, ಅವರು ಮೇಲಿನವರಿಗೆ ಹೇಳಿದರು. ನಾನು ಐಟಿ ಕಂಪನಿಯಲ್ಲಿದ್ದೇನೆ, ನಮಗೂ ಟ್ರೈನಿಂಗ್‌ನಲ್ಲಿ ಇದನ್ನೇ ಹೇಳಿಕೊಡುವುದು: ನೀನೇ ತನಿಖೆ ಮಾಡಬೇಡ, ಮೇಲಕ್ಕೆ ತಿಳಿಸು. ಎಂಬತ್ತು ದಾಟಿದ ಮುದುಕರ ತಲೆಗೆ ಎಲ್ಲಾ ಕಟ್ಟಿದರು.

ಇನ್ನೊಂದು, ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಯೂನಿವರ್ಸಿಟಿಗೆ ಕೊಟ್ಟ ಶಿಕ್ಷೆ. 6 ಕೋಟಿ ಡಾಲರ್ ದಂಡ ಸರಿ. ನಾಲ್ಕು ವರ್ಷ ಸೀಸನ್ ಕೊನೆಯ ಬೌಲ್ ಪಂದ್ಯ ಆಡಬಾರದು, ಸ್ಕಾಲರ್‌ಶಿಪ್ ಕಡಿತ, 1998ರಿಂದ 2011ರವರೆಗಿನ ಗೆಲುವೆಲ್ಲಾ ರದ್ದು. 2001ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗ 2012ರಲ್ಲಿ ಟೀಮಿನಲ್ಲಿದ್ದರೆ ಅವನಿಗೆ ಯಾಕೆ ಬರೆ? ಗೆಲುವು ಅಳಿಸಿದರೆ ಯಾವ ಮಗುವಿಗೆ ಏನು ಸಿಕ್ಕಿತು?

ಹಳೇ_ಸ್ಟೇಟ್‌ಕಾಲೇಜ್:

ಎರಡನೆಯದಕ್ಕೆ ನನ್ನ ಜಗಳವಿಲ್ಲ. 2015ರಲ್ಲಿ ರಾಜಿಯಾಗಿ ಆ ಗೆಲುವುಗಳನ್ನು ವಾಪಸ್ ಕೊಟ್ಟೂ ಆಯಿತು. ಅಂಕಪಟ್ಟಿ ತಿದ್ದುವುದು ಎನ್‌ಸಿಎಎಗೆ ಗೊತ್ತಿರುವ ಕೆಲಸ, ಅದನ್ನು ಮಾಡಿತು. ಮಕ್ಕಳನ್ನು ಕಾಯುವುದು ಅದಕ್ಕೆ ಗೊತ್ತಿರಲಿಲ್ಲ.

ಮೊದಲನೆಯದಕ್ಕೆ ಮಾತ್ರ ಇಲ್ಲ. ಪಟರ್ನೋ ಮೇಲಿನವರು ಅಂದರೆ ಯಾರು? ಕಾಗದದ ಮೇಲೆ ಕರ್ಲಿ. ನಿಜದಲ್ಲಿ ಆ ಊರಿನಲ್ಲಿ ಪಟರ್ನೋಗೆ ಮೇಲಿನವರು ಅಂತ ಯಾರೂ ಇರಲಿಲ್ಲ. ಯೂನಿವರ್ಸಿಟಿಯೇ ಮಾಡಿಸಿದ ತನಿಖೆಯ ಫ್ರೀ ವರದಿಯನ್ನು ಅವರ ಮನೆಯವರು ಒಪ್ಪುವುದಿಲ್ಲ, ಅವರಿಗೂ ಹೇಳಲು ಮಾತಿದೆ, ಸರಿ. ಆದರೆ ಪಟರ್ನೋ ಅವರೇ ಕೊನೆಗೆ, ಇನ್ನೂ ಏನಾದರೂ ಮಾಡಬೇಕಿತ್ತು ಅಂತ ಹೇಳಿಕೊಂಡರು. ಆಮೇಲೆ ಎರಡೂವರೆ ತಿಂಗಳಿಗೆ ತೀರಿಕೊಂಡರು. ಕರ್ಲಿ, ಶುಲ್ಟ್ಸ್ 2017ರಲ್ಲಿ ತಪ್ಪೊಪ್ಪಿಕೊಂಡರು. ಸ್ಪ್ಯಾನಿಯರ್, ತನಗೆ ಹೇಳಿದ್ದು ಬರೀ ಹುಡುಗಾಟಿಕೆ ಅಂತ ಅನ್ನುತ್ತಲೇ ಬಂದರು. ಜ್ಯೂರಿ ಒಪ್ಪಲಿಲ್ಲ, 2021ರಲ್ಲಿ ಸುಮಾರು ಎರಡು ತಿಂಗಳು ಜೈಲಿನಲ್ಲಿ ಕೂತು ಬಂದರು.

ಕಪ್ಪುಕೋಟು:

ವಕೀಲಿ ಮಾಡುವವಳು, ಬೆಂಗಳೂರು. ಕವರ್‌ಡ್ರೈವ್ ಅವರು ಹೇಳಿದ್ದರಲ್ಲಿ ಒಂದು ಸತ್ಯ ಇದೆ, ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಪೆನ್ಸಿಲ್ವೇನಿಯಾದ ಆಗಿನ ಕಾನೂನು ಇದ್ದದ್ದೇ ಹಾಗೆ. ಸಂಸ್ಥೆಯ ನೌಕರ ತನ್ನ ಸಂಸ್ಥೆಯ ಮುಖ್ಯಸ್ಥರಿಗೆ ಹೇಳಬೇಕು, ಮುಖ್ಯಸ್ಥರು ಸರ್ಕಾರಕ್ಕೆ ಹೇಳಬೇಕು. ಅಂದರೆ ಸಂಸ್ಥೆಯ ಮರ್ಯಾದೆ ಉಳಿಸಿಕೊಳ್ಳಬೇಕಾದ ಮನುಷ್ಯನ ಕೈಗೇ ದೂರು ಹೋಗಿ ಬೀಳುತ್ತಿತ್ತು. ಬೆಕ್ಕಿನ ಮುಂದೆ ಹಾಲಿಟ್ಟು ಕಾಯಿ ಅಂದ ಹಾಗೆ.

2014ರಲ್ಲಿ ಅದನ್ನು ಬದಲಿಸಿದರು, ಆ ವರ್ಷದ ಕೊನೆಯ ದಿನದಿಂದ ಜಾರಿ. ಈಗ ಕೋಚ್ ಆಗಲಿ ಟೀಚರ್ ಆಗಲಿ, ಅನುಮಾನ ಬಂದವರೇ ನೇರವಾಗಿ ಚೈಲ್ಡ್‌ಲೈನ್‌ಗೆ, ಅಂದರೆ ಮಕ್ಕಳ ಮೇಲಿನ ದೌರ್ಜನ್ಯದ ದೂರು ತೆಗೆದುಕೊಳ್ಳುವ ಆ ರಾಜ್ಯದ ಸಹಾಯವಾಣಿಗೆ, ತಿಳಿಸಬೇಕು, ಆಮೇಲೆ ಮುಖ್ಯಸ್ಥರಿಗೆ. ಈ ಹಿಂದುಮುಂದಾಗಿರುವುದು ಚಿಕ್ಕದು ಅನ್ನಿಸಬಹುದು. ನನಗೆ ಎಲ್ಲಾ ದಂಡಕ್ಕಿಂತ ಇದೇ ದೊಡ್ಡದು.

ದಂಡದ ವಿಷಯಕ್ಕೆ ಬಂದರೆ ಕ್ಲೆರಿ ಕಾಯ್ದೆ ಅಂತ ಇದೆ, ಕ್ಯಾಂಪಸ್ಸಿನ ಅಪರಾಧಗಳನ್ನು ಕಾಲೇಜು ಮುಚ್ಚಿಡದೆ ಪ್ರಕಟಿಸಬೇಕು ಅಂತ 1990ರಲ್ಲಿ ಬಂದದ್ದು. ಅದರಡಿ 2016ರಲ್ಲಿ ಪೆನ್ ಸ್ಟೇಟ್‌ಗೆ ಸುಮಾರು 24 ಲಕ್ಷ ಡಾಲರ್ ಬಿತ್ತು. ಮೂರೇ ವರ್ಷಕ್ಕೆ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿ 45 ಲಕ್ಷ ಕಟ್ಟಿ ಆ ದಾಖಲೆ ಮುರಿಯಿತು. ಇಂಥ ದಾಖಲೆ ಕೂಡ ಮುರಿಯುತ್ತಾರೆ ನೋಡಿ.

ನಮ್ಮ ಪೋಕ್ಸೊ ಬಗ್ಗೆ ಒಂದು ಮಾತು. 2012ರ ನವೆಂಬರ್ 14ರಿಂದ ಜಾರಿಯಲ್ಲಿದೆ. ಸೆಕ್ಷನ್ 19ರ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ, ವಿಶೇಷ ಬಾಲ ಪೊಲೀಸ್ ಘಟಕಕ್ಕೋ ಸ್ಥಳೀಯ ಪೊಲೀಸರಿಗೋ ತಿಳಿಸಬೇಕು. ತಿಳಿಸದಿದ್ದರೆ ಸೆಕ್ಷನ್ 21ರಲ್ಲಿ ಆರು ತಿಂಗಳವರೆಗೆ ಶಿಕ್ಷೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಷ್ಟೋ ಕಾಲೇಜಿನವರು ನನ್ನ ಹತ್ತಿರ ಬಂದು "ಮೇಡಂ, ಮೊದಲು ಒಂದು ಆಂತರಿಕ ಸಮಿತಿ ಮಾಡಿ ನೋಡೋಣ" ಅನ್ನುತ್ತಾರೆ. ಹುಡುಗಿಗೆ 17 ಆಗಿದ್ದರೆ ಸಮಿತಿಗೆ ಕಾಯುವ ಹಾಗಿಲ್ಲ, ನೇರ ಪೊಲೀಸು. ನಮ್ಮಲ್ಲಿ ಪಿಯು ಮತ್ತು ಡಿಗ್ರಿ ಒಂದೇ ಕಾಂಪೌಂಡಿನೊಳಗೆ, ಒಂದೇ ಮೈದಾನ, ಎಷ್ಟೋ ಕಡೆ ಒಬ್ಬರೇ ಪಿಇ ಮೇಷ್ಟ್ರು. ಕಾಲೇಜು ಅಂದ ತಕ್ಷಣ ಎಲ್ಲರೂ ದೊಡ್ಡವರು ಅಂದುಕೊಂಡುಬಿಡುತ್ತೇವೆ.

ಸೀಟಿ_ಮೇಷ್ಟ್ರು:

ಕನ್ನಡದಲ್ಲಿ ಟೈಪ್ ಮಾಡುವುದು ನಿಧಾನ, ಕ್ಷಮಿಸಿ. ನಾನು ಒಂದು ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್ ಆಗಿ ರಿಟೈರ್ ಆದವನು. ಯಾವ ಊರು ಅಂತ ಬೇಡ.

ಪೋಕ್ಸೊ ಬರುವುದಕ್ಕೆ ಮೂರು ವರ್ಷ ಮುಂಚಿನ ಮಾತು. ಅಂತರ ಕಾಲೇಜು ಕ್ರೀಡಾಕೂಟಕ್ಕೆ ಮೊದಲು ಹೊರಗಿನಿಂದ ಒಬ್ಬ ಕೋಚನ್ನು ಕರೆಸಿದ್ದೆವು. ಒಳ್ಳೇ ಹೆಸರಿತ್ತು, ಮೆಡಲ್ ತರಿಸಿದವನು. ಪಿಯು ಸೆಕೆಂಡ್ ಇಯರ್ ಹುಡುಗಿ, 400 ಮೀಟರ್ ಓಡುವವಳು, ಎರಡು ದಿನ ಪ್ರಾಕ್ಟೀಸಿಗೆ ಬರಲಿಲ್ಲ. ಮೂರನೇ ದಿನ ಬಂದು ಸ್ಪೈಕ್ ಶೂ ನನ್ನ ಟೇಬಲ್ ಮೇಲೆ ಇಟ್ಟಳು. "ಸರ್, ಇದು ಬೇಡ" ಅಂದಳು. ಯಾಕಮ್ಮ ಅಂದೆ. ತೊಡೆ ಹಿಡಿದುಕೊಂಡಿದೆ ಅಂದದ್ದಕ್ಕೆ ಆತ ಮಸಾಜ್ ಮಾಡುತ್ತೇನೆ ಅಂತ ಸ್ಟೋರ್ ರೂಮಿಗೆ ಕರೆದನಂತೆ. ಅದಕ್ಕಿಂತ ಮುಂದೆ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಂಡಸು, ಕೇಳಲು ನಾಚಿಕೆಯಾಯಿತು. ಒಬ್ಬ ಮೇಡಂನ ಕರೆದು ಕೂರಿಸಿ ಕೇಳಿಸಬೇಕಿತ್ತು ಅಂತ ಆಗ ಹೊಳೆಯಲಿಲ್ಲ.

ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಬಾಗಿಲು ಹಾಕಿಸಿ, "ಮೇಷ್ಟ್ರೇ, ನೀವು ನನ್ನ ಗಮನಕ್ಕೆ ತಂದಿದ್ದೀರಿ, ನಿಮ್ಮ ಕೆಲಸ ಮುಗಿಯಿತು" ಅಂದರು. ಒಂದು ಲೆಟರ್ ಬರೆದುಕೊಡಿ ಅಂದರು, ಬರೆದೆ. "ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಅಂತ ಶುರುವಾಗುವ ಲೆಟರ್, ನನ್ನ ಸರ್ವೀಸಿನಲ್ಲಿ ಅಂಥದ್ದು ಸಾವಿರ ಬರೆದಿದ್ದೇನೆ, ಬಲೆ ಹರಿದಿದೆ, ಸುಣ್ಣ ಬೇಕು ಅಂತ. ಇದೂ ಆ ಫೈಲಿಗೇ ಹೋಯಿತು. ಮುಂದಿನ ವರ್ಷ ಆ ಕೋಚನ್ನು ನಾವು ಕರೆಯಲಿಲ್ಲ, ಅಷ್ಟೇ. ಪಕ್ಕದ ತಾಲ್ಲೂಕಿನ ಕಾಲೇಜಿನವರು ಕರೆದರು. ಅವರು ಫೋನ್ ಮಾಡಿ "ಹೇಗೆ ಮನುಷ್ಯ?" ಅಂತ ವಿಚಾರಿಸಿದಾಗ ನಾನು "ಟ್ರ್ಯಾಕಿನಲ್ಲಿ ಒಳ್ಳೇ ಕೆಲಸಗಾರ" ಅಂದೆ. ಹೌದು, ಹಾಗೇ ಅಂದೆ.

ಮೇಲೆ ಬರೆದವರು, ಇನ್ನು ಇಲ್ಲಿಗೆ ಮಕ್ಕಳನ್ನು ತರಬೇಡ ಅಂದರು ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಫೋನ್ ಕೆಳಗಿಟ್ಟೆ. ನಾನೂ ಅದನ್ನೇ ಮಾಡಿದ್ದು.

ಆ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದು ಆಟಗಾರ್ತಿಯರ ಮೇಲೆ ದೌರ್ಜನ್ಯ ಮಾಡಿದ ಡಾಕ್ಟರ್ ಲ್ಯಾರಿ ನಾಸರ್ ವಿಷಯ ನಮ್ಮ ಪಿಇ ಮೇಷ್ಟ್ರುಗಳು ಓದಲೇಬೇಕು. ಅವನ ನೆಪವೂ ಚಿಕಿತ್ಸೆ. ಒಬ್ಬ 16ರ ಹುಡುಗಿ 1997ರಲ್ಲೇ ಅಲ್ಲಿನ ಜಿಮ್ನಾಸ್ಟಿಕ್ಸ್ ಕೋಚಮ್ಮನಿಗೆ ಹೇಳಿದ್ದೆ ಅನ್ನುತ್ತಾಳೆ. ಅವನ ಹೆಸರು ಪೇಪರಿನಲ್ಲಿ ಬಂದದ್ದು 2016ರಲ್ಲಿ. ನಡುವೆ 19 ವರ್ಷ. ಯೂನಿವರ್ಸಿಟಿ ಕೊನೆಗೆ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಮಸಾಜ್ ಆಗಲಿ ಟೇಪ್ ಹಾಕುವುದಾಗಲಿ ಬಯಲಿನಲ್ಲಿ, ಇನ್ನೊಬ್ಬರು ನೋಡುವ ಹಾಗೆ ಮಾಡಬೇಕು. ಇದಕ್ಕೆ ದುಡ್ಡು ಬೇಡ, ಸುತ್ತೋಲೆ ಬೇಡ. ಸ್ಟೋರ್ ರೂಮಿನ ಬೀಗದ ಕೈ ಆಫೀಸಿನಲ್ಲಿ ಇರಬೇಕು.

ಕವರ್‌ಡ್ರೈವ್:

ಮೇಷ್ಟ್ರೇ, ನೀವು ಬರೆದದ್ದು ಓದಿದ ಮೇಲೆ ನನ್ನ ಮೊದಲ ಪ್ಯಾರಾ ಅಳಿಸೋಣ ಅನ್ನಿಸಿತು. ಬೇಡ, ಇರಲಿ, ಬೇರೆಯವರಿಗೂ ಹಾಗೇ ಅನ್ನಿಸುತ್ತಿರುತ್ತದೆ. ಆ ಹುಡುಗಿ ಏನಾದಳು ಅಂತ ಗೊತ್ತಾ?

ಸೀಟಿ_ಮೇಷ್ಟ್ರು:

ಇಲ್ಲಪ್ಪ. ಪರೀಕ್ಷೆ ಬರೆದು ಹೋದಳು. ಶೂ ತುಂಬಾ ದಿನ ನನ್ನ ಬೀರುವಿನಲ್ಲೇ ಇತ್ತು.

ಎರಡುಮಕ್ಕಳತಾಯಿ:

ರಾಗಿರೊಟ್ಟಿ ಅವರೇ, ನಿಮ್ಮ ಎರಡನೇ ಪ್ರಶ್ನೆ ಎಲ್ಲರೂ ಮರೆತರು. ನಾನು ಫಿಲಡೆಲ್ಫಿಯಾ ಕಡೆ, ಇಬ್ಬರು ಮಕ್ಕಳು ಈಜುತ್ತಾರೆ, ನಾನು ಕ್ಲಬ್ಬಿನಲ್ಲಿ ವಾಲಂಟಿಯರ್.

ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಿಮ್ಮ ಮಗನ ಕ್ಲಬ್ ದೇಶದ ಈಜು ಸಂಸ್ಥೆಯಾದ ಯುಎಸ್‌ಎ ಸ್ವಿಮ್ಮಿಂಗ್‌ಗೆ ಸೇರಿದ್ದರೆ ಅದರ ಕೋಚ್‌ಗಳು ಸೇಫ್‌ಸ್ಪೋರ್ಟ್ ಸೆಂಟರಿನ, ಅಂದರೆ ಆಟಗಳಲ್ಲಿ ದೌರ್ಜನ್ಯದ ದೂರು ವಿಚಾರಿಸುವ ಸಂಸ್ಥೆಯ, ಕೆಳಗೆ ಬರುತ್ತಾರೆ. ನಾಸರ್ ಪ್ರಕರಣ ಆದ ಮೇಲೆ 2018ರಲ್ಲಿ ಬಂದ ಫೆಡರಲ್ ಕಾನೂನು ಅದಕ್ಕೆ ಬಲ ಕೊಟ್ಟಿದೆ. ಆದರೆ ಎನ್‌ಸಿಎಎ, ಅಂದರೆ ಕಾಲೇಜು ಆಟ, ಅದರ ಕೆಳಗೆ ಬರುವುದಿಲ್ಲ. ಹಾಗಾಗಿ ಕ್ಲಬ್ಬಿನಲ್ಲಿ ಇರುವ ನಿಯಮ ಕಾಲೇಜು ಕ್ಯಾಂಪಿನಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. ಆ ಯೂನಿವರ್ಸಿಟಿಯ ಸ್ವಂತ ನಿಯಮ ಏನು ಅಂತ ಕೇಳಿ, ಬರೆದದ್ದನ್ನೇ ಕಳಿಸಲು ಹೇಳಿ.

ಕ್ಯಾಂಪಿನಲ್ಲಿ ಮಕ್ಕಳ ಜೊತೆ ಇರುವವರಿಗೆ ಮೂರು ಕ್ಲಿಯರೆನ್ಸ್ ಇದೆಯಾ ಕೇಳಿ: ರಾಜ್ಯ ಪೊಲೀಸ್, ಮಕ್ಕಳ ದೌರ್ಜನ್ಯದ ದಾಖಲೆ, ಎಫ್‌ಬಿಐ ಬೆರಳಚ್ಚು. ನಾನೂ ಮಾಡಿಸಿಕೊಂಡಿದ್ದೇನೆ. ಆದರೆ ಅಷ್ಟಕ್ಕೇ ನೆಮ್ಮದಿಯಾಗಬೇಡಿ. ಸ್ಯಾಂಡಸ್ಕಿಗೆ 2008ರ ಆ ದೂರಿನವರೆಗೂ ಎಲ್ಲಾ ಕ್ಲಿಯರೆನ್ಸೂ ಸಿಗುತ್ತಿತ್ತು, ಅವನ ಮೇಲೆ ಕೇಸೇ ಇರಲಿಲ್ಲವಲ್ಲ. ಹಾಗಾಗಿ ನಾನು ಕೇಳುವುದು ಜಾಗದ ಬಗ್ಗೆ, ಹೊತ್ತಿನ ಬಗ್ಗೆ. ಬಟ್ಟೆ ಬದಲಿಸುವಾಗ ದೊಡ್ಡವರು ಎಲ್ಲಿರುತ್ತಾರೆ? ಮಕ್ಕಳು ಶವರ್ ಮಾಡುವ ಹೊತ್ತಿಗೆ ಸಿಬ್ಬಂದಿ ಅದೇ ಶವರ್ ಬಳಸುತ್ತಾರಾ? ರಾತ್ರಿ ಹತ್ತರ ಮೇಲೆ ಡಾರ್ಮ್ ಕಾರಿಡಾರಿನಲ್ಲಿ ಒಬ್ಬರೋ ಇಬ್ಬರೋ? ಕೋಚ್ ಮಗನ ಫೋನಿಗೆ ನೇರ ಮೆಸೇಜ್ ಮಾಡಬಹುದಾ, ನಿಮ್ಮನ್ನೂ ಸೇರಿಸಬೇಕಾ? ಹಳೇ ಕೋಚ್, ದಾನಿಗಳು, ಅವರ ಸ್ನೇಹಿತರು ಒಳಗೆ ಬರುತ್ತಾರಾ? ಮತ್ತು ಇದನ್ನು ತಪ್ಪದೆ ಕೇಳಿ: ನಿಮ್ಮ ಕ್ಯಾಂಪಿನಲ್ಲಿರುವ 19 ವರ್ಷದ ಕಾಲೇಜು ಹುಡುಗನಿಗೆ ಏನೋ ಅನುಮಾನ ಬಂದರೆ ಅವನು ಮೊದಲು ಯಾರಿಗೆ ಫೋನ್ ಮಾಡುತ್ತಾನೆ? "ಕ್ಯಾಂಪ್ ಡೈರೆಕ್ಟರಿಗೆ" ಅಂತ ಮಾತ್ರ ಉತ್ತರ ಬಂದರೆ ನಾನು ಕಳಿಸುವುದಿಲ್ಲ. ಪೆನ್ಸಿಲ್ವೇನಿಯಾ ಚೈಲ್ಡ್‌ಲೈನ್ 1-800-932-0313, ಹಗಲೂ ರಾತ್ರಿ ಇರುತ್ತದೆ, ನಿಮ್ಮ ಫೋನಿನಲ್ಲೂ ಸೇವ್ ಮಾಡಿಕೊಳ್ಳಿ. ಊರಿನಲ್ಲಿದ್ದವರಿಗೆ 1098.

ತಪ್ಪು ತಿಳಿದರೆ ತಿಳಿಯಲಿ ರೀ. ಮೆನುವಿನಲ್ಲಿ ವೆಜ್ ಇದೆಯಾ ಅಂತ ನಾವು ನಾಲ್ಕು ಸಲ ಫೋನ್ ಮಾಡುತ್ತೇವೆ, ಇದಕ್ಕೊಂದು ಸಲ ಮಾಡಬಾರದಾ?

ಮೋಟುಗೋಡೆ:

ಮಗನ ಹತ್ತಿರವೂ ಮಾತಾಡಿ. "ಹುಷಾರಾಗಿರು" ಅಂದರೆ ಅವನಿಗೆ ಏನೂ ತಿಳಿಯುವುದಿಲ್ಲ. ದೊಡ್ಡವರು ಯಾರಾದರೂ "ಇದು ನಮ್ಮಿಬ್ಬರ ಮಧ್ಯೆ ಇರಲಿ" ಅಂದರೆ ಅವತ್ತೇ ಅಮ್ಮನಿಗೆ ಹೇಳು, ಬೈಯುವುದಿಲ್ಲ ಅಂತ ಹೇಳಿ. ನಮ್ಮ ಮನೆಗಳಲ್ಲಿ ಈ 'ಬೈಯುವುದಿಲ್ಲ' ಅನ್ನುವುದನ್ನು ಹೇಳುವುದೇ ಇಲ್ಲ.

ರಾಗಿರೊಟ್ಟಿ:

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ನಿಮಗೆ ವಿಶೇಷವಾಗಿ. ಬರೆಯುವುದು ಸುಲಭ ಇರಲಿಲ್ಲ ಅಂತ ಗೊತ್ತು.

ಇವತ್ತು ಬೆಳಿಗ್ಗೆ ಫೋನ್ ಮಾಡಿದೆ. ಯಜಮಾನರು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ಫೋನ್ ಎತ್ತಿದ ಹುಡುಗಿ ಒಳ್ಳೆಯವಳು, ತಪ್ಪೇನೂ ತಿಳಿಯಲಿಲ್ಲ. ಕ್ಲಿಯರೆನ್ಸ್ ಇದೆ ಅಂದಳು, ನಿಯಮದ ಪಿಡಿಎಫ್ ಅಲ್ಲೇ ಕಳಿಸಿದಳು. ಶವರ್ ಹೊತ್ತು ಬೇರೆ ಬೇರೆ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಅನುಮಾನ ಬಂದವರೇ ನೇರ ಚೈಲ್ಡ್‌ಲೈನ್‌ಗೆ ಮಾಡಬೇಕು ಅಂತಲೂ ಇದೆ. ರಾತ್ರಿ ಕಾರಿಡಾರಿನಲ್ಲಿ ಎಷ್ಟು ಜನ ಅಂದದ್ದಕ್ಕೆ ಒಂದು ನಿಮಿಷ ಸುಮ್ಮನಾದಳು. "ಅದನ್ನು ಡೈರೆಕ್ಟರ್ ಹತ್ತಿರ ಕೇಳಿ ಸಂಜೆಯೊಳಗೆ ಹೇಳುತ್ತೇನೆ" ಅಂದಳು.

ಈಗ ರಾತ್ರಿ ಒಂಬತ್ತೂವರೆ. ಫೋನ್ ಬಂದಿಲ್ಲ. ಫಾರ್ಮ್ ಫ್ರಿಜ್ ಬಾಗಿಲಿಗೆ ಅಂಟಿಸಿದೆ, ಸಹಿ ಹಾಕಿಲ್ಲ. ನಾಳೆ ಬೆಳಿಗ್ಗೆ ನಾನು ಕಾಲ್ ಮಾಡುತ್ತೇನೆ ಅಂತ ಯಜಮಾನರು ಅಂದಿದ್ದಾರೆ.